ನಮ್ಮ ಕೋಡಿಗೆ ನಮಗೇ ಬಂದ ನೋಟಿಸು

ಟಾರೆಪು ಬಂದರು ಮಂಡಳಿಯ ಮಾನ್ಯ ಅಧ್ಯಕ್ಷರೇ,

ಟೋರಿಯಾ ಎಂಬ ನಮ್ಮ ತಂತ್ರಾಂಶವನ್ನು ಅಂತರ್ಜಾಲದಿಂದ ಕೂಡಲೇ ತೆಗೆದುಹಾಕಬೇಕೆಂದು ತಮ್ಮ ವಕೀಲರು ಕಳಿಸಿದ ನೋಟಿಸು ಕೈಸೇರಿತು. ತಾವು ಆಕ್ಲೆಂಡಿನ ಕಂಪನಿಯೊಂದರಿಂದ ಕೊಂಡ ‘ಸುರಕ್ಷಿತ ಅಳಿವೆ’ ವ್ಯವಸ್ಥೆಯನ್ನು ನಮ್ಮ ಟೋರಿಯಾ ‘ಗೊಂದಲ ಹುಟ್ಟಿಸುವಷ್ಟರ ಮಟ್ಟಿಗೆ ಹೋಲುತ್ತದೆ’ ಎಂಬುದು ನಮ್ಮ ಮೇಲಿನ ಆರೋಪ. ಹೋಲುತ್ತದೆ ಸ್ವಾಮಿ, ಹೋಲದೆ ಏನು ಮಾಡೀತು? ಎರಡೂ ಒಂದೇ. ನಾವು ಬರೆದದ್ದನ್ನು ಅವರು ಎತ್ತಿಕೊಂಡರು, ನಮ್ಮ ಹೆಸರುಗಳನ್ನು ಅಳಿಸಿದರು, ನೀಲಿ ಬಣ್ಣ ಬಳಿದರು, ತಮಗೆ ಮಾರಿದರು. ಈಗ ನಕಲು ಮಾಡಿದವರು ನಾವಂತೆ! ಇಷ್ಟು ಸೊಗಸಾದ ತರ್ಕವನ್ನು ನನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ. ನೋಟಿಸಿಗೆ ಚೌಕಟ್ಟು ಹಾಕಿಸಲು ಕೊಟ್ಟಿದ್ದೇನೆ.

ಇದನ್ನೆಲ್ಲ ಊರ ಪತ್ರಿಕೆಯಲ್ಲಿ ಬರೆಯುವುದೇಕೆ ಎಂದು ತಾವು ನೊಂದುಕೊಳ್ಳಬಾರದು. ಖಾಸಗಿಯಾಗಿ ಬರೆದ ಪತ್ರಗಳಿಗೆಲ್ಲ ತಮ್ಮ ಕಚೇರಿ ‘ಸ್ವೀಕರಿಸಲಾಗಿದೆ’ ಎಂಬ ಒಂದೇ ಪದದಲ್ಲಿ ಉತ್ತರಿಸಿದೆ. ಅಲ್ಲದೆ ಬಹಿರಂಗವಾಗಿ ಬರೆಯುವುದು ನಮ್ಮ ಹಳೆಯ ಚಾಳಿ. ಕೋಡನ್ನೂ ನಾವು ಹಾಗೆಯೇ ಬರೆದೆವು. ತೊಂದರೆ ಶುರುವಾದದ್ದೇ ಅಲ್ಲಿಂದ.

ತಾವು ವೆಲಿಂಗ್ಟನ್ನಿನಿಂದ ಬಂದು ಅಧಿಕಾರ ವಹಿಸಿಕೊಳ್ಳುವ ಮೊದಲಿನ ಸಂಗತಿಯಾದ್ದರಿಂದ, ಟೋರಿಯಾ ಹೇಗೆ ಹುಟ್ಟಿತು ಎಂಬುದು ತಮಗೆ ತಿಳಿದಿರಲಾರದು. ನಮ್ಮ ನದಿ ಸಮುದ್ರ ಸೇರುವಲ್ಲಿ ಮರಳುದಿಣ್ಣೆ ಇದೆ. ಅದರ ಮೇಲೆ ಅಲೆ ಮುರಿದು ಬೀಳುವಾಗ ದೋಣಿ ದಾಟಬಾರದು. ಆದರೆ ನದಿಯೊಳಗಿನಿಂದ ನೋಡಿದರೆ ಅದು ಮುರಿಯುತ್ತಿದೆಯೋ ಇಲ್ಲವೋ ಕಾಣುವುದಿಲ್ಲ. ಹಾಗೆ ಕಾಣದೆ ದಾಟಲು ಹೋಗಿ ರಾವಿರಿಯ ಅಣ್ಣ ತೀರಿಕೊಂಡ. ರಾವಿರಿ ನಮ್ಮ ಊರಿನ ಮೀನುಗಾರ, ‘ಕೋಟುಕು’ ಎಂಬ ದೋಣಿಯ ಯಜಮಾನ. ನಾನು ಆಗ ಬಂದರಿನ ರೇಡಿಯೊ ಕೋಣೆಯಲ್ಲಿ ಕೆಲಸಕ್ಕಿದ್ದೆ. ಅಂತ್ಯಕ್ರಿಯೆ ಮುಗಿದು ಮರೈ ಎಂಬ ಮಾವೊರಿ ಸಮುದಾಯ ಭವನದ ಊಟದ ಮನೆಯಲ್ಲಿ ಕುಳಿತಿದ್ದಾಗ ರಾವಿರಿಯ ತಂಗಿ ನೈರೀ ನನ್ನನ್ನು ಕೇಳಿದಳು: “ಆಂಟಿ, ದಿಣ್ಣೆ ಕಡೆ ತಿರುಗಿಸಿ ದಡದಲ್ಲಿ ಒಂದು ಕ್ಯಾಮೆರಾ ಇಟ್ರೆ ಅಲೆ ಕಾಣಲ್ವಾ? ಅಷ್ಟು ಕಷ್ಟಾನಾ ಅದು?”

ಕಷ್ಟವೇ ಆಗಿತ್ತು. ಕ್ರೈಸ್ಟ್‌ಚರ್ಚಿನಲ್ಲಿ ಓದುತ್ತಿದ್ದ ಲೋಸಾ ಎಂಬ ಸಮೋವಾದ ಹೆಣ್ಣುಮಗಳು ಅದನ್ನು ಸಾಧ್ಯವಾಗಿಸಿದಳು. ಕ್ಯಾಮೆರಾದ ಚಿತ್ರ ನೋಡಿ ಅಲೆಯ ಎತ್ತರ ಅಳೆದು ಕೆಂಪೋ ಹಸಿರೋ ಹೇಳುವ ಕ್ರಮವನ್ನು ಬರೆದವಳು ಅವಳು. ಅದಕ್ಕೆ ಬುದ್ಧಿ ಕಲಿಸಿದವರು ಇಲ್ಲಿನ ಮೀನುಗಾರರು. ದಾಟಿ ಬಂದವರೆಲ್ಲ ರೇಡಿಯೊದಲ್ಲಿ ನನಗೆ ಹೇಳುತ್ತಿದ್ದರು: ಇವತ್ತು ಟೋರಿಯಾ ಸುಳ್ಳು ಹೇಳಿತು, ಇವತ್ತು ಹೆದರಿತು, ಇವತ್ತು ಸರಿಯಾಗಿ ಹೇಳಿತು. ಲೋಸಾ ತಿದ್ದುತ್ತಿದ್ದಳು. ಬೇರೆ ಊರಿನವರೂ ಕೈ ಜೋಡಿಸಿದರು. ಅವರಲ್ಲಿ ಅನೇಕರನ್ನು ನಾನು ಈವರೆಗೆ ಕಣ್ಣಾರೆ ನೋಡಿಲ್ಲ. ಯಾರು ಏನು ತಿದ್ದಿದರೂ ಅದನ್ನು ಪರೀಕ್ಷಿಸಿ ಒಳಗೆ ಸೇರಿಸುವ ಕಾವಲುಗಾರ್ತಿಯ ಕೆಲಸ ಕೊನೆಗೆ ನನ್ನ ಪಾಲಿಗೆ ಬಂತು. ತೀರದ ಮರಳಿನಲ್ಲಿ ಕೆಂಪು ಕೊಕ್ಕು ಚುಚ್ಚುತ್ತ ಅಲೆ ಬಂದರೆ ಎಲ್ಲರಿಗಿಂತ ಮೊದಲು ಕೂಗುವ ಟೋರಿಯಾ ಹಕ್ಕಿಯ ಹೆಸರನ್ನೇ ಅದಕ್ಕಿಟ್ಟೆವು.

ಬೇರೆಯವರು ಬಳಸಲು ಒಂದು ಪರವಾನಗಿ ಬೇಕು ಎಂದವಳು ಲೋಸಾ. ಅವಳು ತೋರಿಸಿದ್ದು ಲೋಕದಾದ್ಯಂತ ಬಳಕೆಯಲ್ಲಿರುವ, ವಕೀಲರ ಭಾಷೆಯ ಉದ್ದನೆಯ ಬರಹ. ಮೀನುಗಾರರ ಸಭೆಯಲ್ಲಿ ಅವಳು ಅದನ್ನು ಓದಿ ವಿವರಿಸುತ್ತಿದ್ದಾಗ ಅರ್ಧ ಜನ ಆಕಳಿಸುತ್ತಿದ್ದರು. ರಾವಿರಿ ಎದ್ದು ನಿಂತ.

“ತಾಳು ತಾಯಿ. ನಾನು ಹೇಳ್ತೀನಿ, ಸರಿಯಾ ನೋಡು. ಬಲೆ ಇಲ್ಲೇ ಬಿದ್ದಿರುತ್ತೆ. ಯಾರು ಬೇಕಾದ್ರೂ ಒಯ್ಯಲಿ, ಮೀನು ಹಿಡೀಲಿ, ಮಾರ್ಕೊಳ್ಳಲಿ, ನಮ್ಮನ್ನ ಕೇಳೋದೂ ಬೇಡ. ಆದ್ರೆ ಬಲೇನ ಬದಲಾಯಿಸಿ ಇನ್ನೊಬ್ರಿಗೆ ಕೊಟ್ರೆ, ಎಲ್ಲಿ ಹೇಗೆ ಹೊಲಿದ್ವಿ ಅಂತಾನೂ ತೋರಿಸ್ಬೇಕು. ಮೊದಲು ಹೆಣೆದೋರ ಹೆಸರು ಕೀಳಬಾರದು. ಇಷ್ಟೇ ತಾನೆ?”

“ಇಷ್ಟೇ,” ಎಂದಳು ಲೋಸಾ. “ಇದನ್ನ ಹೇಳೋಕೆ ನಾನು ಇಷ್ಟೊತ್ತು ಒದ್ದಾಡಿದೆ.”

ರಾವಿರಿಗೆ ಒಂದೇ ಉಸಿರಿನಲ್ಲಿ ಅರ್ಥವಾದದ್ದು ತಮ್ಮ ಕಾನೂನು ವಿಭಾಗಕ್ಕೆ ಇನ್ನೂ ಅರ್ಥವಾಗಿಲ್ಲ. ಪಾಪ, ಅವರಿಗೆ ಬಲೆ ಹೊಲಿದು ಅಭ್ಯಾಸವಿಲ್ಲ.

ಕಂಪನಿಗಳೆಂದರೆ ನಮಗೆ ಹೊಟ್ಟೆಯುರಿ ಎಂದು ತಾವು ಪತ್ರಕರ್ತರಿಗೆ ಹೇಳಿದ್ದೀರಿ. ಹಾಗೇನಿಲ್ಲ. ನೆಲ್ಸನ್ನಿನಲ್ಲಿ ದೋಣಿಗಳಿಗೆ ರೇಡಾರ್, ಪರದೆ ಕೂರಿಸುವ ಪುಟ್ಟ ಕಂಪನಿಯೊಂದಿದೆ. ಟೋರಿಯಾವನ್ನು ತಮ್ಮ ಪರದೆಗಳಲ್ಲಿ ತುಂಬಿ ಅವರು ಚೆನ್ನಾಗಿಯೇ ಸಂಪಾದಿಸುತ್ತಿದ್ದಾರೆ. ಸಂಪಾದಿಸಲಿ! ಇಳಿತದ ನೀರು ನುಗ್ಗುವಾಗ ಟೋರಿಯಾ ಅಲೆಯನ್ನು ಗಿಡ್ಡವಾಗಿ ಅಳೆಯುತ್ತದೆ ಎಂದು ಕಂಡುಹಿಡಿದವರೂ ಅವರೇ. ಕಂಡುಹಿಡಿದ ದೋಷವನ್ನು ತಿದ್ದಿ, ತಿದ್ದಿದ್ದನ್ನು ನಮಗೂ ಕಳಿಸಿದರು. ನಾನು ಅದರಲ್ಲೊಂದು ತಪ್ಪು ಹುಡುಕಿ ವಾಪಸು ಕಳಿಸಿದೆ. ಅವರ ಎಂಜಿನಿಯರು ಬೈದುಕೊಳ್ಳುತ್ತಲೇ ಮತ್ತೆ ತಿದ್ದಿದ. ಈಗ ವೈಟ್‌ಬೇಟ್ ಮೀನಿನ ಕಾಲ ಬಂದರೆ ನಮ್ಮನೆಗೇ ಬಂದು, ಮೊಟ್ಟೆಯಲ್ಲಿ ಅದ್ದಿ ಕರಿದ ಮೀನನ್ನು ತಟ್ಟೆಗಟ್ಟಲೆ ಖಾಲಿ ಮಾಡುತ್ತಾನೆ. ಸಹಕಾರ ಎಂದರೆ ಇದು. ಅದಕ್ಕೆ ಬೇಕಾಗುವುದು ಸ್ವಲ್ಪ ನಾಚಿಕೆ, ಸ್ವಲ್ಪ ಹಸಿವು. ತಮ್ಮ ಆಕ್ಲೆಂಡಿನ ಕಂಪನಿಗೆ ಹಸಿವು ಮಾತ್ರ ಇತ್ತು.

ಆ ಕಂಪನಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದರ ವಕೀಲರಿಗೆ ಈಗಾಗಲೇ ಕೈತುಂಬ ಕೆಲಸವಿದೆ. ಅದರ ಪ್ರತಿನಿಧಿಯಾಗಿ ಬಂದ ಫಾರ್ಕರ್ ಎಂಬವರು ನನ್ನ ಅಡುಗೆಮನೆಯಲ್ಲಿ ಕುಳಿತು ಚಹಾ ಕುಡಿದರು, ‘ಸಮುದಾಯ’ ಎಂಬ ಪದವನ್ನು ನಾನು ಚರ್ಚಿನಲ್ಲಿ ಕೇಳಿದ್ದಕ್ಕಿಂತ ಹೆಚ್ಚು ಸಲ ಹೇಳಿದರು, ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಮುಂದಿನ ಸಲ ನಾನು ಅವರನ್ನು ಕಂಡದ್ದು ತಮ್ಮ ಪಕ್ಕದಲ್ಲಿ, ಜೆಟ್ಟಿಯ ಮೇಲೆ, ‘ಸುರಕ್ಷಿತ ಅಳಿವೆ’ಯ ಕೆಂಪು-ಹಸಿರು ದೀಪದ ದೊಡ್ಡ ಫಲಕದ ರಿಬ್ಬನ್ ಕತ್ತರಿಸುವಾಗ. ಜನರ ಮಧ್ಯದಿಂದ ನಾನು ಕೇಳಿದ್ದು ತಮಗೆ ನೆನಪಿರಬಹುದು.

“ಫಾರ್ಕರ್ ಅವರೇ, ಇದ್ರ ಕೋಡ್ ಎಲ್ಲಿ ಸಿಗುತ್ತೆ?”

“ಮೇಡಂ, ಅದು ನಮ್ಮ ಸಂಸ್ಥೆಯ ವರ್ಷಗಳ ಸಂಶೋಧನೆ.”

“ಯಾರ ವರ್ಷಗಳು?”

ತಾವು ನಕ್ಕು, ಎಲ್ಲರೂ ಲ್ಯಾಮಿಂಗ್ಟನ್ ತಿನ್ನಬೇಕೆಂದು ಪ್ರಕಟಿಸಿದಿರಿ. ಕೇಕು ಚೆನ್ನಾಗಿತ್ತು, ಅಲ್ಲಗಳೆಯುವುದಿಲ್ಲ.

ಅದೇ ಚಳಿಗಾಲದಲ್ಲಿ ಮಂಡಳಿಯಿಂದ ಎರಡು ಆದೇಶ ಹೊರಟವು. ಇನ್ನು ಮುಂದೆ ಮಂಡಳಿಯ ಫಲಕವೇ ಅಧಿಕೃತ; ಗೊಂದಲ ತಪ್ಪಿಸಲು ದಿಣ್ಣೆಯ ಕ್ಯಾಮೆರಾದ ಚಿತ್ರ ಟೋರಿಯಾಕ್ಕೆ ಸಿಗಬಾರದು. ಆ ಕ್ಯಾಮೆರಾಕ್ಕೆ ಕಂಬ ನೆಟ್ಟವನು ರಾವಿರಿ. ಕಂಬ ನಿಂತಿರುವ ನೆಲ ಮಂಡಳಿಯದು ಎಂಬ ಸೂಕ್ಷ್ಮವನ್ನು ಅವನು ಗಮನಿಸಿರಲಿಲ್ಲ.

ಈಗ ಆ ಬೆಳಗಿನ ವಿಷಯ. ತಮ್ಮ ವಿಚಾರಣಾ ವರದಿಯಲ್ಲಿ ಅದು ‘ಘಟನೆ’ ಎಂದಷ್ಟೇ ಇದೆ. ರಾವಿರಿ, ನೈರೀ ಇಬ್ಬರೂ ಕೋಟುಕುವಿನಲ್ಲಿ ಹೊರಟಿದ್ದರು. ನಾನು ನಿವೃತ್ತಳಾದರೂ ಮನೆಯಲ್ಲಿ ರೇಡಿಯೊ ಹಚ್ಚಿಟ್ಟುಕೊಂಡಿರುತ್ತೇನೆ.

“ಆಂಟಿ, ಎದ್ದಿದ್ದೀರಾ? ಫಲಕ ಹಸಿರು ಅಂತಿದೆ. ಟೋರಿಯಾ ಏನಂತದೆ?”

“ಅದಕ್ಕೆ ಕಣ್ಣು ಎಲ್ಲಿದೆ ಕಣೋ? ಕಿತ್ತುಕೊಂಡಿದ್ದಾರಲ್ಲ. ನಂಗೇನೂ ಕಾಣ್ತಿಲ್ಲ. ಸ್ವಲ್ಪ ತಡೀಬಾರ್ದಾ?”

“ತಡೆದ್ರೆ ಉಬ್ಬರ ಹೋಗುತ್ತೆ. ಮಂಡಳಿಯೋರು ಇಷ್ಟೆಲ್ಲಾ ಮಾಡಿಟ್ಟಿದ್ದಾರೆ, ಸುಮ್ನೆ ಹಸಿರು ತೋರಿಸ್ತಾರಾ?”

ಹಿಂದಿನಿಂದ ನೈರೀಯ ದನಿ ಕೇಳಿತು: “ಆಂಟಿಗೆ ಹೇಳು, ಸಂಜೆ ಬ್ಲೂ ಕಾಡ್ ಮೀನು ತರ್ತೀವಿ ಅಂತ. ಎಣ್ಣೆ ಕಾಯಿಸಿಡ್ಲಿ.”

ಆಮೇಲೆ ನನಗೆ ಕೇಳಿಸಿದ್ದು ರಾವಿರಿ ತಂಗಿಯ ಹೆಸರು ಹಿಡಿದು ಕೂಗಿದ್ದು. ಆಮೇಲೆ ಏನೂ ಕೇಳಿಸಲಿಲ್ಲ. ಮೂರು ಅಲೆಗಳು ಒಂದರ ಬೆನ್ನಿಗೊಂದು ಬಂದವಂತೆ. ಮೊದಲನೆಯದು ದೋಣಿಯನ್ನು ಅಡ್ಡ ತಿರುಗಿಸಿತು, ಎರಡನೆಯದು ಮಗುಚಿತು, ಮೂರನೆಯದು ನೈರೀಯನ್ನು ಅಳಿವೆ ಪಕ್ಕದ ಕಲ್ಲುಗೋಡೆಗೆ ಎಸೆಯಿತು. ಹಡಗುಗಳಿಗೆ ದಾರಿ ತೋರುವ ತಮ್ಮ ಮಂಡಳಿಯದೇ ಪೈಲಟ್ ದೋಣಿಯ ಚಾಲಕ ಜೀವದ ಹಂಗು ತೊರೆದು ಹೋಗಿ ಇಬ್ಬರನ್ನೂ ಎಳೆದು ತಂದ. ಅವನಿಗೆ ನಮ್ಮ ಊರು ಋಣಿ. ಕೋಟುಕು ಹೋಯಿತು. ನೈರೀ ಬದುಕಿದಳು. ಅವಳ ಬಲಗೈ ಈಗ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಬಲೆ ಎಳೆಯುತ್ತಿದ್ದ ಕೈ ಅದು. ಈ ಅವಧಿಯಲ್ಲೆಲ್ಲ ಫಲಕ ಹಸಿರಾಗಿಯೇ ಇತ್ತು. ಅದು ತನ್ನ ಕರ್ತವ್ಯದಿಂದ ಕದಲಲಿಲ್ಲ.

ವಿಚಾರಣೆಯಲ್ಲಿ ಕ್ಯಾಮೆರಾದ ದಾಖಲೆಯನ್ನು ಎಲ್ಲರ ಮುಂದೆ ಇಟ್ಟರು. ಲೋಸಾ ಅದನ್ನೇ ಟೋರಿಯಾಕ್ಕೆ ತೋರಿಸಿದಳು. ಕೆಂಪು. ರಾವಿರಿ ಹೊರಡುವ ಮೊದಲಿನಿಂದಲೂ ಕೆಂಪು. ಹಾಗಾದರೆ ಅದೇ ಕೋಡು ತಮ್ಮ ಫಲಕದಲ್ಲಿ ಹಸಿರಾದದ್ದು ಹೇಗೆ? ಲೋಸಾ ಹಲವು ರೀತಿಯಲ್ಲಿ ಪರೀಕ್ಷಿಸಿದಳು. ಅತಿ ದೊಡ್ಡ ಅಲೆಯನ್ನು ನೋಡುವುದು ಬಿಟ್ಟು ಎಲ್ಲ ಅಲೆಗಳ ಸರಾಸರಿ ತೆಗೆದರೆ, ಹಸಿರು ನಿಖರವಾಗಿ ತಮ್ಮ ಫಲಕದಂತೆಯೇ ಬರುತ್ತದೆ. ಪದೇಪದೇ ಕೆಂಪು ಬಂದರೆ ಬಂದರಿನಿಂದ ಅದಿರು ಸಾಗಿಸುವ ಬಾರ್ಜು ದೋಣಿಗಳು ಕಾಯಬೇಕಲ್ಲ, ಅದಕ್ಕೆ ಯಾರೋ ಮಹಾನುಭಾವರು ಸಮುದ್ರವನ್ನು ಸ್ವಲ್ಪ ಸಮಾಧಾನಪಡಿಸಿದ್ದಾರೆ ಎಂದು ನಮ್ಮ ಊಹೆ. ಸರಾಸರಿ ಅಲೆಗೆ ಸಿಕ್ಕಿ ಯಾರೂ ಮುಳುಗುವುದಿಲ್ಲ ಅಧ್ಯಕ್ಷರೇ. ಮುಳುಗಿಸುವುದು ಒಂದೇ ಅಲೆ. ಊಹೆ ತಪ್ಪಿದ್ದರೆ ಕೋಡ್ ತೋರಿಸಿ. ನಾನು ಇದೇ ಪತ್ರಿಕೆಯಲ್ಲಿ ಕ್ಷಮೆ ಕೇಳುತ್ತೇನೆ. ವರದಿ ಮಾತ್ರ ‘ಅಂತಿಮ ಹೊಣೆ ದೋಣಿ ಚಾಲಕನದು’ ಎಂದು ಮುಗಿಯಿತು. ಹಾಗಿದ್ದರೆ ಅವನು ನಂಬಲೇಬೇಕಾದ ಅಧಿಕೃತ ಫಲಕ ಯಾವ ಅಲಂಕಾರಕ್ಕೆ?

ನಮ್ಮ ಕೋಡೇ ಅದರಲ್ಲಿಲ್ಲ ಎಂದು ಕಂಪನಿ ಮೊದಲು ಸಾಧಿಸಿತು. ತಾವೂ ದನಿಗೂಡಿಸಿದಿರಿ. ಆಮೇಲೊಂದು ದಿನ ಕ್ಯಾಮೆರಾದ ಮೇಲೆ ಮಂಜು ಕವಿದು, ತಮ್ಮ ಅಧಿಕೃತ ಫಲಕದಲ್ಲಿ, ಜೆಟ್ಟಿಯ ಜನರೆಲ್ಲ ಓದುವಷ್ಟು ದೊಡ್ಡ ಅಕ್ಷರಗಳಲ್ಲಿ, ‘ಹಕ್ಕಿ ಹಾರಿಹೋಗಿದೆ, ಮೊರ್ವೆನಾ ಆಂಟಿಗೆ ಹೇಳಿ’ ಎಂದು ಮೂಡಿತು. ಕ್ಯಾಮೆರಾ ಕೈಕೊಟ್ಟಾಗ ಬರಲಿ ಎಂದು ಲೋಸಾ ನನ್ನ ಹೆಸರು ಹಾಕಿ ತಮಾಷೆಗೆ ಬರೆದಿಟ್ಟ ಸಾಲು ಅದು. ಹೆಸರುಗಳನ್ನೆಲ್ಲ ಹೆಕ್ಕಿ ಅಳಿಸಿದವರು ಅದನ್ನು ನೋಡಲು ಮರೆತಿದ್ದರು. ರಾವಿರಿ ಅಪಘಾತವಾದ ಮೇಲೆ ಮೊದಲ ಬಾರಿಗೆ ನಕ್ಕದ್ದು ಅಂದು. “ಆಂಟಿ, ಅವರ ಸಂಶೋಧನೆ ನಿಮ್ಮನ್ನ ಕರೀತಿದೆ ನೋಡಿ!”

ಮರುದಿನವೇ ನಾನು ತಮ್ಮ ಕಚೇರಿಗೆ ಬಂದೆ. ಅಂದಿನ ಮಾತನ್ನು ಇಲ್ಲಿ ದಾಖಲಿಸುತ್ತೇನೆ.

“ಮೇಡಂ, ನೀವು ಅದನ್ನ ಬಿಟ್ಟಿ ಹಂಚಿದ್ರಿ. ಹಂಚಿದ ಮೇಲೆ ಮತ್ತೆ ಹಕ್ಕು ಕೇಳೋದು ಚೆನ್ನಾಗಿರಲ್ಲ,” ಎಂದಿರಿ.

“ಷರತ್ತಿನ ಮೇಲೆ ಹಂಚಿದ್ವಿ ಸಾರ್. ಪರವಾನಗಿ ಓದಿದ್ದೀರಾ?”

“ಅದು ಒಂಥರಾ ಸದಾಶಯ ಅಲ್ವಾ, ಕಾನೂನು ಅಲ್ಲ.”

“ಹಾಗಾದ್ರೆ ಕಂಪನಿ ಜೊತೆ ನಿಮ್ಮ ಒಪ್ಪಂದ?”

“ಅದು ಕಾನೂನು.”

“ಅದನ್ನ ತೋರಿಸಿ.”

“ಅದು ಗೌಪ್ಯ.”

ಹೀಗೆ ಎಲ್ಲರಿಗೂ ಕಾಣುವ ಮಾತು ಸದಾಶಯವಾಯಿತು, ಯಾರಿಗೂ ಕಾಣದ ಮಾತು ಕಾನೂನಾಯಿತು. ಅದರ ಬೆನ್ನಿಗೇ ತಮ್ಮ ನೋಟಿಸು ಬಂತು.

ಈಗಿನ ಸ್ಥಿತಿಯನ್ನೂ ತಮ್ಮ ಗಮನಕ್ಕೆ ತರುತ್ತೇನೆ. ನೆಲ್ಸನ್ನಿನವರು ತಮ್ಮದೊಂದು ಕ್ಯಾಮೆರಾ ಕೊಟ್ಟರು. ಅದನ್ನು ಮಂಡಳಿಯ ನೆಲದಲ್ಲಿ ನೆಡುವ ತಪ್ಪನ್ನು ನಾವು ಮತ್ತೆ ಮಾಡಲಿಲ್ಲ. ಅದೀಗ ನೈರೀಯ ಮನೆಯ ಮಾಡಿನ ಮೇಲಿದೆ. ಚಿತ್ರ ಸರಿಯಾಗಿದೆಯೇ ಎಂದು ದಿನವೂ ನೋಡುವವಳು ಅವಳೇ. ಲೋಸಾ ಹೇಳಿಕೊಟ್ಟಂತೆ, ಎಡಗೈಯಲ್ಲಿ ಟೈಪು ಮಾಡುತ್ತ, ಅವಳು ಮೊದಲ ತಿದ್ದುಪಡಿಯನ್ನು ಬರೆದು ಕಳಿಸಿದಳು. ಪರೀಕ್ಷಿಸುವಾಗ ನನಗೆ ಕಣ್ಣು ಮಂಜಾಯಿತು. ಆದರೂ ಒಂದು ತಪ್ಪು ಹುಡುಕಿ ವಾಪಸು ಕಳಿಸಿದೆ. “ಏನಾಂಟಿ, ಕೈ ಮುರಿದೋಳು ಅಂತಾನಾದ್ರೂ ಬಿಡಬಾರ್ದಾ?” ಎಂದಳು. “ಅಲೆ ಬಿಡುತ್ತಾ ಹೇಳು?” ಎಂದೆ. ತಿದ್ದಿ ಮತ್ತೆ ಕಳಿಸಿದಳು. ಈಗ ಅದು ಟೋರಿಯಾದೊಳಗೆ ಅವಳ ಹೆಸರಿನಲ್ಲೇ ಇದೆ.

ಇನ್ನೊಂದು ವಿಷಯ ಹೇಳಲು ನನಗೆ ಸಂಕೋಚ, ಆದರೂ ಹೇಳುತ್ತೇನೆ. ಮೊನ್ನೆ ಬೆಳಿಗ್ಗೆ ರೇಡಿಯೊದಲ್ಲಿ ಬಂದ ದನಿ ತಮ್ಮ ಪೈಲಟ್ ದೋಣಿಯದು.

“ಆಂಟಿ, ಮಂಡಳಿ ಕೇಳ್ತಿಲ್ಲ, ನಾನು ಕೇಳ್ತಿದ್ದೀನಿ. ಫಲಕ ಹಸಿರಿದೆ. ಟೋರಿಯಾ?”

“ಕೆಂಪಪ್ಪ.”

“ಸರಿ. ಎಂಜಿನ್ ಕೆಟ್ಟಿದೆ ಅಂತ ಬರ್ಕೋತೀನಿ.”

ಅವನನ್ನು ಶಿಕ್ಷಿಸಬೇಕೆನಿಸಿದರೆ ತಾವು ಮೊದಲು ಒಮ್ಮೆ ಅವನ ಜೊತೆ ಹಸಿರು ದೀಪ ನೋಡಿಕೊಂಡು ಅಳಿವೆ ದಾಟಿ ಬರಬೇಕೆಂದು ವಿನಂತಿ.

ನಮ್ಮ ಬೇಡಿಕೆ ದೊಡ್ಡದಲ್ಲ. ನೋಟಿಸನ್ನು ಹಿಂತೆಗೆದುಕೊಳ್ಳಿ. ಫಲಕದೊಳಗೆ ಓಡುತ್ತಿರುವ ಕೋಡನ್ನು, ಬದಲಾಯಿಸಿದ ಸಾಲುಗಳ ಸಮೇತ, ಪರವಾನಗಿ ಹೇಳುವಂತೆ ಬಹಿರಂಗಪಡಿಸಿ. ಅಳಿಸಿದ ಹೆಸರುಗಳನ್ನು ಮರಳಿ ಬರೆಯಿಸಿ. ಅಲ್ಲಿಯವರೆಗೆ ದಯವಿಟ್ಟು ಆ ದೀಪವನ್ನು ಆರಿಸಿಡಿ. ಕಂಪನಿಯ ಮೇಲೆ ನಮಗೆ ಹಗೆಯಿಲ್ಲ; ತಪ್ಪನ್ನು ತಿದ್ದಿ ಕಳಿಸಿದರೆ ನಾನೇ ಪರೀಕ್ಷಿಸಿ ಸೇರಿಸುತ್ತೇನೆ, ಫಾರ್ಕರ್ ಅವರಿಗೆ ಚಹಾವನ್ನೂ ಕೊಡುತ್ತೇನೆ.

ಟೋರಿಯಾವನ್ನು ಮಾತ್ರ ನಾವು ತೆಗೆಯುವುದಿಲ್ಲ. ತಾವು ಎಂದಾದರೂ ದಿಣ್ಣೆ ದಾಟಬೇಕಾಗಿ ಬಂದರೆ ಸಂಕೋಚಪಡದೆ ರೇಡಿಯೊದಲ್ಲಿ ಕೇಳಿ, ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ನಮ್ಮ ಪರವಾನಗಿಯಲ್ಲಿ ‘ಯಾರು ಬೇಕಾದರೂ ಬಳಸಬಹುದು’ ಎಂದಿದೆ. ತಮ್ಮನ್ನು ಬಿಟ್ಟು ಎಂದು ಎಲ್ಲಿಯೂ ಬರೆದಿಲ್ಲ.

ಇಂತಿ,
ತಮ್ಮ ವಕೀಲರ ಪ್ರಕಾರ ತನ್ನದನ್ನೇ ತಾನು ಕದ್ದವಳು,
ಮೊರ್ವೆನಾ ಪೆಂಗೆಲಿ
ಟಾರೆಪು