ನೀವು ಕಿತ್ತುಕೊಳ್ಳುತ್ತಿದ್ದ ಪೆನ್ನು

ಅಪ್ಪ,

ಸತ್ತವರು ಪತ್ರ ಓದುವುದಿಲ್ಲ. ಬದುಕಿದ್ದಾಗಲೂ ನೀವು ನಾನು ಬರೆದದ್ದನ್ನು ಪೂರ್ತಿ ಓದಿದವರಲ್ಲ. ಎರಡು ಸಾಲು ನೋಡುವಷ್ಟರಲ್ಲಿ "ಕೊಡು ಇಲ್ಲಿ" ಎಂದು ಪೆನ್ನು ಕಿತ್ತುಕೊಂಡು ಲೆಕ್ಕವನ್ನು ನೀವೇ ಮುಗಿಸುತ್ತಿದ್ದಿರಿ. ಗಣಿತದ ಪ್ರೊಫೆಸರ್ ಸಾಹೇಬರಲ್ಲವೇ! ಮನೆಯಲ್ಲಿ ನನ್ನ ಲೆಕ್ಕವೆಲ್ಲ ಸರಿ, ಪರೀಕ್ಷೆಯಲ್ಲಿ ನಾನು ಫೇಲು. ಮನೆಗೆ ಬಂದವರ ಮುಂದೆಲ್ಲ ನನ್ನನ್ನು ದಡ್ಡಿ ಎಂದು ನಕ್ಕಿರಿ.

ನಿಮ್ಮ ಮೊಮ್ಮಗಳು ಹೈಸ್ಕೂಲಿನಲ್ಲಿದ್ದುಕೊಂಡೇ ಕಾಲೇಜಿನ ಗಣಿತ ತೆಗೆದುಕೊಂಡಿದ್ದಾಳೆ; ಅವಳ ಶಾಲೆಯಲ್ಲಿ ಅದಕ್ಕೆ ಅವಕಾಶವಿದೆ. ಮೊದಲ ಟೆಸ್ಟಿನಲ್ಲಿ ಮುಗ್ಗರಿಸಿದಳು. ಅಂದಿನಿಂದ ಅಡುಗೆಮನೆಯ ಮೇಜಿನ ಮುಂದೆ ದಿನಾ ಅವಳ ಜೊತೆ ಕೂರುತ್ತೇನೆ. ನನಗೆ ಆ ಲೆಕ್ಕ ಬರುವುದಿಲ್ಲ, ಎಲ್ಲ ನಿಮ್ಮ ಕೃಪೆ. "ಈ ಸಾಲು ಹೇಗೆ ಬಂತು, ನಂಗೆ ಹೇಳು" ಎನ್ನುತ್ತೇನೆ. ಹೇಳುತ್ತಾ ಹೇಳುತ್ತಾ ತನ್ನ ತಪ್ಪನ್ನು ತಾನೇ ಹಿಡಿಯುತ್ತಾಳೆ. ಎರಡನೆಯ ಟೆಸ್ಟಿನಲ್ಲಿ ಪಾಸಾದಳು. ಇಷ್ಟು ಸಣ್ಣ ವಿಷಯ ನಿಮ್ಮಂಥ ಮೇಧಾವಿಗೆ ಹೊಳೆಯಲಿಲ್ಲ.

ಇವತ್ತು ಒಂದು ಲೆಕ್ಕದಲ್ಲಿ ಅವಳು ತುಂಬ ಹೊತ್ತು ಸಿಕ್ಕಿಕೊಂಡಳು. ನನಗೆ ತಡೆಯಲಾಗಲಿಲ್ಲ. ಏನೂ ಗೊತ್ತಿಲ್ಲದ ನಾನು "ಕೊಡು ಇಲ್ಲಿ" ಎಂದು ಕೈ ಚಾಚಿದೆ. ಥೇಟ್ ನಿಮ್ಮದೇ ದನಿ.

ಅವಳು ಪೆನ್ನನ್ನು ಬಿಗಿಹಿಡಿದು, ತಲೆ ಎತ್ತದೆಯೇ, "ಬಿಡಮ್ಮ, ನಾನೇ ಮಾಡ್ತೀನಿ" ಎಂದಳು.

ನಾನೂ ಅಷ್ಟು ಹೇಳಿದ್ದರೆ ಬಿಡುತ್ತಿದ್ದಿರಾ, ಅಪ್ಪ?