ಕೆಳಗಿಳಿಯುವವರು ಬೇಡದ ಗಾಡಿ

ನನ್ನ ಯಮನಪ್ಪ ಮಾವನಿಗೆ,

ಗಾಡಿ ಕೊಳ್ಳುವವರು ಮೊದಲು ಬಗ್ಗಿ ಕೆಳಗೆ ನೋಡಬೇಕು, ಬಣ್ಣ ಆಮೇಲೆ ಎನ್ನುತ್ತಿದ್ದೆ ನೀನು. ನೋಡಿದೆ ಮಾವ. ಎರಡು ಗಾಡಿಗಳ ಕೆಳಗೆ ತೂರಿ ನೋಡಿದೆ, ಸೀರೆಯೆಲ್ಲ ಎಣ್ಣೆ ಆಯಿತು. ಆದರೂ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ನೀನು ಶ್ರಾವಣದಲ್ಲಿ ನಮ್ಮನ್ನು ಬಿಟ್ಟು ಹೋದೆ. ನಿನ್ನ ಪಿಕಪ್ ದೀಪಾವಳಿಗೆ ಕೈಕೊಟ್ಟಿತು. ಮುಂದಿನ ಆಕ್ಸಲ್ಲಿಗೆ ಸಾಮಾನೇ ಸಿಗುವುದಿಲ್ಲವಂತೆ. ಈಗ ಚಳಿಗಾಲ. ನಮ್ಮ ಕುರಿ ಹನುಮಸಾಗರದಿಂದ ಇಳಿದು, ಇಲ್ಲಿ ನಮ್ಮ ಬಿಡಾರದ ಹತ್ತಿರವೇ, ಶ್ರೀರಾಮನಗರದ ಕೊಯ್ದ ಗದ್ದೆಗಳಲ್ಲಿ ನಿಂತಿವೆ, ದಿನಾ ಮರಿ ಹಾಕುತ್ತಿವೆ. ನಡೆಯಲಾರದ ಮರಿಗಳನ್ನು ತರಲು ಕೆಸರಿಗಿಳಿಯುವ ಗಾಡಿ ಬೇಕೇ ಬೇಕು. ಕುಷ್ಟಗಿಯ ನಿನ್ನ ದೋಸ್ತ ನಿಂಗಪ್ಪ ಕಾಕಾ ತನ್ನ ಗಾಡಿಯನ್ನು ಓಡಿಸಿ ನೋಡಲು ಬಿಟ್ಟುಹೋಗಿದ್ದಾನೆ. ನಾಳೆ ಉತ್ತರ ಕೇಳಲು ಬರುತ್ತಾನೆ. ಬೆಳಗಿನಿಂದ ಅದರ ಸುತ್ತ ತಿರುಗುತ್ತಿದ್ದೇನೆ. ಬೇರೆ ಯಾರನ್ನು ಕೇಳಲಿ?

ಆ ಫೋರ್ ವೀಲ್ ಪಿಕಪ್ ಮೊದಲ ಸಲ ತಂದಾಗ ನಾಲ್ಕೂ ಗಾಲಿಗೆ ಗೇರು ಹಾಕಿಕೊಂಡೇ ಟಾರ್ ರಸ್ತೆಯಲ್ಲಿ ಕುಷ್ಟಗಿಯವರೆಗೆ ಹೋದೆಯಲ್ಲ, ನೆನಪಿದೆಯೇ? "ಎರಡು ಎತ್ತು ಎಳಿಯೂದಕ್ಕಿಂತ ನಾಕು ಎತ್ತು ಎಳದ್ರ ಛಲೋ ಅಲ್ಲೇನ?" ಎಂದು ನನಗೇ ಪಾಠ ಹೇಳಿದೆ. ಕೆಸರಿನಲ್ಲಾದರೆ ಗಾಲಿ ಅಷ್ಟಿಷ್ಟು ಜಾರಿ ಹೊಂದಿಕೊಳ್ಳುತ್ತದೆ. ಒಣ ರಸ್ತೆಯಲ್ಲಿ ಜಾರಲು ಜಾಗವೆಲ್ಲಿ? ಒಳಗಿನ ಗೇರಿನ ಹಲ್ಲುಗಳು ಬಿಗಿದುಕೊಂಡು, ಸಂತೆಯ ನಡುವೆ ಲಿವರ್ ಕದಲಲಿಲ್ಲ. ಜಗ್ಗಿದೆ, ಒದ್ದೆ, ಗಾಡಿಯ ವಂಶವನ್ನೆಲ್ಲ ಬೈದೆ. ಜನ ಬದನೆಕಾಯಿ ಬಿಟ್ಟು ನಿನ್ನನ್ನೇ ನೋಡುತ್ತಿದ್ದರು. ಕೊನೆಗೆ ಸಿಟ್ಟಿನಲ್ಲಿ ಹಿಂದಕ್ಕೆ ಬಿಟ್ಟೆ ನೋಡು, ಟಕ್ ಎಂದು ಸಡಿಲಾಯಿತು. "ಹಿಂದಕ ಸರದ್ರ ಬಿಡ್ತೈತಿ, ಯವ್ವಾ," ಎಂದು, ಹುಟ್ಟುವಾಗಲೇ ಗೊತ್ತಿದ್ದವನ ಹಾಗೆ ಮೀಸೆ ತಿರುವಿದೆ. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದೆ.

ನನಗೆ ಗಾಡಿ ಕಲಿಸುವಾಗ ನಿನ್ನ ಅಕ್ಕ, ನಮ್ಮ ಅವ್ವ, ಅಡ್ಡ ಬಂದಿದ್ದಳು. "ಹೆಣ್ಣುಡುಗಿ ಕೈಯಾಗ ಸ್ಟೇರಿಂಗ್ ಕೊಡ್ತಿ, ನಿನಗೇನ್ ತಲಿ ಐತೋ ಇಲ್ಲೋ?" ನೀನು ಕೇಳಿಸಿಕೊಳ್ಳಲೇ ಇಲ್ಲ. ಕೆಸರು ಗದ್ದೆಯ ಅಂಚಿಗೆ ಬಂದಾಗ ನಾನೂ ಇಳಿಯಲು ಹೋಗುತ್ತಿದ್ದೆ. "ನೀ ಕುಂತಿರು ಯವ್ವಾ, ನಾ ಇಳಿತೀನಿ." ಧೋತರ ಎತ್ತಿ ಕಟ್ಟಿಕೊಂಡು, ಬರಿಗಾಲಲ್ಲಿ ಇಳಿದು, ಎಂಜಿನ್ ಎಳೆತ ಮುಂದಿನ ಗಾಲಿಗೂ ಸಿಗಲೆಂದು ಆ ಎರಡೂ ಗಾಲಿಗಳ ಹೊರಮುಖದ ನಟ್ಟನಡುವೆ ಇರುವ ಲಾಕನ್ನು ನೀನು ಕೈಯಿಂದ ತಿರುವುತ್ತಿದ್ದೆ. ಆಮೇಲೆ, ಲಾಕ್ ಬಿತ್ತು ಎನ್ನಲು, ಬಾನೆಟ್ ಮೇಲೆ ಅಂಗೈಯಿಂದ ತಟ್ಟುತ್ತಿದ್ದೆ. ಅದು ಕೇಳುವ ತನಕ ನಾನು ಕ್ಲಚ್ ಬಿಡುತ್ತಿರಲಿಲ್ಲ. ಚಳಿಗಾಲದ ನೀರು, ಮೊಣಕಾಲವರೆಗೆ. ಒಂದು ಸಲವಾದರೂ ನನ್ನನ್ನು ಇಳಿಸಿದೆಯಾ?

ಈಗ ಕೇಳು. ಗಂಗಾವತಿಯಲ್ಲಿ ಮಾರಾಟಕ್ಕಿರುವ ಇನ್ನೊಂದು ಗಾಡಿ ನಿನ್ನ ಗಾಡಿಯ ತಮ್ಮ. ಅದೇ ಲಿವರ್, ಅದೇ ಕೈಲಾಕ್. ವೈರ್ ಇಲ್ಲ, ನೀರು ಹೊಕ್ಕರೆ ಕೆಡುವ ಕರೆಂಟಿನ ಡಬ್ಬಿ ಇಲ್ಲ, ಲಿವರ್ ಬಿದ್ದದ್ದು ಕೈಗೆ ಗೊತ್ತಾಗುತ್ತದೆ. ನಿಂಗಪ್ಪ ಕಾಕಾನದು ಸ್ಟೇರಿಂಗ್ ಪಕ್ಕ ತಿರುವುವ ಸ್ವಿಚ್ಚಿನ, ಗುಂಡಿಯ ಗಾಡಿ. ಕುಳಿತಲ್ಲೇ ತಿರುವಿದರೆ ಮುಂದೆ ಹಸಿರು ದೀಪ ಹತ್ತಿ ನಾಲ್ಕೂ ಗಾಲಿ ಎಳೆಯುತ್ತವೆ. ಅದರ ವೈರನ್ನು ಇಲಿ ಕಡಿದರೆ? ಗದ್ದೆಯ ನಡುವೆ ದೀಪ ಹತ್ತದಿದ್ದರೆ? ನಮ್ಮ ಮನೆಯವರಿಗೆ ಗುಂಡಿಯದೇ ಬೇಕು. "ನಾ ಕುರಿ ಹಿಂದ ಇರ್ತೀನಿ, ಗಾಡಿ ಹೊಡಿಯಾಕಿ ನೀ ಒಬ್ಬಾಕಿ. ಲಾಕ್ ತಿರುವಾಕ ಯಾರ್ ಇಳಿತಾರ?" ಎಂದರು. ಅವರು ಹೇಳಿದ್ದು ಸರಿಯೇ. ಅದಕ್ಕೇ ನನಗೆ ಸಿಟ್ಟು ಬಂತು. ಗಾಡಿಯ ಮೇಲೋ, ಅವರ ಮೇಲೋ, ನಿನ್ನ ಮೇಲೋ...

ನಿನ್ನೆ ಆ ಮಾತೆಲ್ಲ ಮೂಲೆಗೆ ಬಿತ್ತು. ಅಕಾಲದಲ್ಲಿ ಸೈಕ್ಲೋನ್ ಮಳೆ. ಗದ್ದೆಯಿಂದ ಮನೆಯವರ ಫೋನು: "ಮರಿ ನಡುಗಾಕತ್ಯಾವ, ಲಗೂನ ಬಾ." ಬಾಗಿಲ ಮುಂದೆ ಇದ್ದದ್ದು ಗುಂಡಿಯ ಗಾಡಿ, ಅದನ್ನೇ ಹೊಡೆದುಕೊಂಡು ಹೋದೆ. ಕಾಲುವೆ ದಾಟಿ ಗದ್ದೆಗೆ ಇಳಿದದ್ದೇ ತಡ, ಹಿಂದಿನ ಗಾಲಿ ಹೂತಿತು. ಗುಂಡಿ ತಿರುವಿದೆ. ದೀಪ ಮಿಣುಕುತ್ತದೆ, ಸ್ಥಿರವಾಗಿ ನಿಲ್ಲುವುದಿಲ್ಲ. ಮತ್ತೆ ತಿರುವಿದೆ, ಅದೇ. ಆಗ ನಾನೇನು ಮಾಡಿದೆ ಹೇಳು? ಧಡಕ್ಕನೆ ಇಳಿದು ಮುಂದಿನ ಗಾಲಿಯ ಕೆಸರಿಗೆ ಕೈ ಹಾಕಿ ಲಾಕ್ ಹುಡುಕಿದೆ! ಅಲ್ಲಿ ಏನೂ ಇಲ್ಲ ಮಾವ, ನುಣ್ಣಗಿನ ಮುಚ್ಚಳ ಅಷ್ಟೇ. ಮಳೆಯಲ್ಲಿ ಗಾಲಿ ಹಿಡಿದುಕೊಂಡು ಅತ್ತೆ. ನೀನು ಸತ್ತ ದಿನ ಕೂಡ ಹಾಗೆ ಅತ್ತಿರಲಿಲ್ಲ.

ಅಳುತ್ತಾ ಕೂತರೆ ಮರಿ ಬದುಕುತ್ತವೆಯೇ? ಮೇಲೆ ಹತ್ತಿದೆ. ಕುಷ್ಟಗಿ ಸಂತೆ ನೆನಪಾಯಿತು. ಗುಂಡಿ ತಿರುವಿದ್ದನ್ನು ಹಾಗೇ ಬಿಟ್ಟು, ರಿವರ್ಸ್ ಹಾಕಿ, ಗಾಡಿಯನ್ನು ಮೆಲ್ಲಗೆ ಒಂದು ಮೊಳ ಹಿಂದಕ್ಕೆ ಅಲುಗಾಡಿಸಿದೆ. ಒಳಗೆ ಟಕ್ ಎಂದಿತು. ದೀಪ ಮಿಣುಕದೆ ಹಸಿರಾಗಿ ನಿಂತಿತು, ನಾಲ್ಕೂ ಗಾಲಿ ಎಳೆದು ಗಾಡಿ ಮೇಲೆದ್ದಿತು. ಇಷ್ಟೆಲ್ಲ ವೈರು, ಡಬ್ಬಿ ಇಟ್ಟುಕೊಂಡೂ ಅದಕ್ಕೂ ನಿನ್ನ ಮಾತೇ ಬೇಕಾಯಿತು ನೋಡು.

ಕುರಿಗಳ ಹತ್ತಿರ ಹೋಗಿ ಮರಿಗಳನ್ನೆಲ್ಲ ಕಂಬಳಿಯಲ್ಲಿ ಸುತ್ತಿ ಏರಿಸುವಷ್ಟರಲ್ಲಿ ಮಳೆ ನಿಂತಿತ್ತು. ಮನೆಯವರು ಗಾಡಿಯ ಮುಂದೆ ನಿಂತು ದಾರಿ ತೋರಿಸುತ್ತಿದ್ದರು. ದೀಪ ಹಸಿರಾಗಿದೆ, ಎಲ್ಲ ಸರಿಯಾಗಿದೆ, ನನ್ನ ಕಾಲು ಮಾತ್ರ ಕ್ಲಚ್ ಬಿಡಲೊಲ್ಲದು.

"ಯಾಕ, ಏನಾತು?" ಎಂದರು.

"ಬಾನೆಟ್ ಮ್ಯಾಲೆ ಒಮ್ಮಿ ತಟ್ರಿ," ಎಂದೆ.

ಅವರು ಬಾನೆಟ್ ಹತ್ತಿರ ಬಂದರು. ಕೆಸರುಗೈಯಿಂದ ತಟ್ಟಿದರು. ಗಾಡಿ ಹೊರಟಿತು.

ಮರಿ ಒಂದೂ ಸಾಯಲಿಲ್ಲ ಮಾವ. ಒಲೆಯ ಹತ್ತಿರ ಗೋಣಿಚೀಲದ ಮೇಲೆ ಮಲಗಿವೆ, ಒಂದು ಈಗಲೇ ನನ್ನ ಸೆರಗು ಜಗ್ಗುತ್ತಿದೆ. ನಾಳೆ ನಿಂಗಪ್ಪ ಕಾಕಾನಿಗೆ ಹೂಂ ಎನ್ನುತ್ತೇನೆ. ಅವನು ಬರುವುದರೊಳಗೆ ಗಾಡಿ ತೊಳೆದು ಮುಗಿಸಬೇಕು. ಬಕೆಟ್ ತುಂಬಿ ಇಟ್ಟು ಬಹಳ ಹೊತ್ತಾಯಿತು. ಬಾನೆಟ್ ಮೇಲಿನ ಆ ಕೆಸರಿನ ಕೈಗುರುತು ಬಿಟ್ಟು ಉಳಿದದ್ದನ್ನೆಲ್ಲ ತೊಳೆದಿದ್ದೇನೆ.

ನಿನ್ನ ಸೊಸೆ,
ದ್ಯಾಮವ್ವ