ತಳದ ಮಣ್ಣು

ಹ್ಯಾವ್‌ಲಾಕ್ ದ್ವೀಪ, ಅಂಡಮಾನ್
೯ ಫೆಬ್ರವರಿ ೨೦೨೫

ಅವ್ವ, ನಿನ್ನ ಪಾದಕ್ಕೆ ಸೌಭಾಗ್ಯಳ ಶರಣು.

ಮೊದಲೇ ಹೇಳಿಬಿಡುತ್ತೇನೆ, ತಮ್ಮ ಗಂಗಾಧರ ಚೆನ್ನಾಗಿದ್ದಾನೆ. ಎರಡು ಹೊತ್ತೂ ಉಣ್ಣುತ್ತಾನೆ, ಉಂಡ ಮೇಲೆ ನನ್ನ ಸಾರಿಗೆ ಹೆಸರಿಡುತ್ತಾನೆ. ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕಿ ಹಿರೇಹಡಗಲಿಗೆಲ್ಲ ಕೇಳಿಸುವವಳು. ನಮ್ಮಲ್ಲಿ ಅಡುಗೆ ಮಾಡುವ ಜಂಬಯ್ಯಣ್ಣ ರಜೆಯ ಮೇಲೆ ಕೊಟ್ಟೂರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಈ ಪತ್ರ, ಒಂದು ಪೊಟ್ಟಣ ಕಳಿಸುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ನನ್ನ ಕೆಲಸ ಎಂಥದೆಂದು ಎಷ್ಟು ಹೇಳಿದರೂ ನಿನ್ನ ತಲೆಗೆ ಹೋಗಿಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಪ್ರವಾಸಿಗರನ್ನು ಸಮುದ್ರದೊಳಗೆ ಕರೆದೊಯ್ಯುವುದು, ಮೀನು ತೋರಿಸಿ ಜೋಪಾನವಾಗಿ ತರುವುದು. ಎಲ್ಲರನ್ನೂ ಎಲ್ಲ ಕಡೆ ಇಳಿಸುವುದಿಲ್ಲ. ಹೊಸಬರಿಗೆ ಒಂದು ಜಾಗವಿದೆ. ಕೆಳಗೆ ಬಿಳಿ ಮರಳು, ಎದ್ದು ನಿಂತರೆ ತಲೆ ನೀರಿನಿಂದ ಹೊರಗೆ. ನಾನದನ್ನು ಹೊಂಡ ಎನ್ನುತ್ತೇನೆ. ಸ್ವಲ್ಪ ಕಲಿತವರಿಗೆ ಹವಳದ ದಿಬ್ಬ, ನಾಲ್ಕೈದು ಆಳು ಆಳ. ಸಂತೆಗೆ ಬಂದವರ ಹಾಗೆ ಮೀನು ನೆರೆದಿರುತ್ತವೆ. ಅದು ನನ್ನ ತೋಟ. ಮೂರನೆಯದು ಪಳಗಿದವರಿಗೆ ಮಾತ್ರ. ಅಲ್ಲಿ ದಿಬ್ಬ ಥಟ್ಟನೆ ಮುಗಿದು ಗೋಡೆಯಂತೆ ಕೆಳಕ್ಕಿಳಿಯುತ್ತದೆ, ಸೆಳವೂ ಉಂಟು. ಇಂತಿಷ್ಟೇ ಆಳ ಎಂದು ಲೆಕ್ಕವಿದೆ, ಅದರ ಕೆಳಗೆ ನಾವೂ ಹೋಗುವುದಿಲ್ಲ. ಐದು ವರ್ಷವಾದರೂ ಆ ಗೋಡೆಯ ಅಂಚಿಗೆ ಬಂದರೆ ಸಿಲಿಂಡರಿನಲ್ಲಿ ಗಾಳಿ ಎಷ್ಟಿದೆ ಎಂದು ಎರಡೆರಡು ಸಲ ನೋಡಿಕೊಳ್ಳುತ್ತೇನೆ.

ಇದೇ ಕೆಲಸ ಕಲಿಯಲು ಬಂದ ಗಂಗಾಧರನನ್ನು ಮೊದಲು ಹೊಂಡಕ್ಕಿಳಿಸಿದಾಗ "ಏನಕ್ಕಾ ಇದು, ಎಮ್ಮಿ ಮೈ ತೊಳಿಯೋ ನೀರು" ಎಂದು ನಕ್ಕ. ಆದರೆ ಬಾವಿಯಲ್ಲಿ ಈಜು ಕಲಿತವರಿಗೇ ಇಲ್ಲಿ ಹೆಚ್ಚು ಕಷ್ಟ. ಬಾವಿಯಲ್ಲಿ ಉಸಿರು ಬಿಗಿಹಿಡಿದವನು ಗಟ್ಟಿಗ. ಇಲ್ಲಿ ಉಸಿರು ಹಿಡಿದು ಮೇಲೆದ್ದರೆ ಒಳಗಿನ ಗಾಳಿ ಉಬ್ಬಿ ಎದೆಯೇ ಒಡೆಯುತ್ತದೆ. ಬೈದು ಬೈದು ಆ ಚಟ ಬಿಡಿಸಿದೆ. ತೋಟವನ್ನೂ ದಾಟಿದ, ಪರೀಕ್ಷೆಯೂ ಪಾಸಾಯಿತು. ಇನ್ನು ಭಯವಿಲ್ಲ ಎಂದುಕೊಂಡೆ. ಇನ್ನೊಂದು ಚಟ ನನಗೆ ಹೊಳೆಯಲೇ ಇಲ್ಲ.

ನಮ್ಮ ಬಾವಿಯ ಪದ್ಧತಿ ನಿನಗೆ ಗೊತ್ತಲ್ಲ. ಮುಳುಗಿದವನು ತಳದ ಮಣ್ಣು ಹಿಡಿದು ತಂದು ದಡದವರಿಗೆ ತೋರಿಸಬೇಕು, ಬರಿಗೈಲಿ ಎದ್ದರೆ ಮರ್ಯಾದೆ ಹೋಯಿತು. ಚಿಕ್ಕವನಿದ್ದಾಗ, ನೀನು ದಡದಲ್ಲಿ ನಿಂತು "ಮಣ್ಣು ಕಂಡೆ, ಸಾಕು, ಮ್ಯಾಲ ಬಾರಲೇ" ಎನ್ನುವವರೆಗೂ ಇವನು ಮತ್ತೆ ಮತ್ತೆ ಮುಳುಗುತ್ತಿದ್ದ. ಹಡಗಲಿಯಲ್ಲಿ ಬಸ್ಸು ಹತ್ತಿಸುವಾಗಲೂ ನೀನು ನಗೆಯಾಡಿದೆಯಂತೆ: "ಸಮುದ್ರದ ತಳದಿಂದ ಒಂದ್ ಹಿಡಿ ಮಣ್ಣು ತಂದು ತೋರ್ಸು, ಆಗ ನಿನ್ನ ಗಂಡ್ಸು ಅಂತೀನಿ." ಅವನು ಆ ಮಾತನ್ನು ಬುತ್ತಿಯ ಜೊತೆ ಕಟ್ಟಿಕೊಂಡೇ ಬಂದಿದ್ದ.

ಗುರುವಾರ ಬೆಳಗ್ಗೆ ಗೋಡೆಗೆ ಕರೆದೊಯ್ದೆ. ಆಮೆಯೊಂದು ಬಂತು, ನೋಡುತ್ತ ನಿಂತೆ. ತಿರುಗಿದರೆ ಪಕ್ಕದಲ್ಲಿ ಅವನಿಲ್ಲ. ಕೆಳಗೆ ನೋಡಿದೆ. ಅವನು ಕಾಲಿಗೆ ತೊಟ್ಟ ಹಳದಿ ಈಜುರೆಕ್ಕೆಗಳಷ್ಟೇ ಕಂಡವು. ತಲೆಕೆಳಗಾಗಿ, ಬಲಗೈ ಮುಂದೆ ಚಾಚಿ, ನೆಟ್ಟಗೆ ಕತ್ತಲೆಗೆ ಇಳಿಯುತ್ತಿದ್ದ. ಬಾವಿಯಲ್ಲಿ ಇಳಿಯುತ್ತಿದ್ದುದೂ ಹಾಗೆಯೇ. ನೀರೊಳಗೆ ಕೂಗಲು ಬರುವುದಿಲ್ಲ ಅವ್ವ. ಕಬ್ಬಿಣದ ಕಡ್ಡಿಯಿಂದ ಸಿಲಿಂಡರ್ ಬಡಿದೆ, ತಿರುಗಲಿಲ್ಲ. ನಾನೂ ಹಿಂದೆ ಬಿದ್ದೆ. ಆ ಆಳದಲ್ಲಿ ಗಾಳಿಯೇ ಹೆಂಡದ ಹಾಗೆ ತಲೆಗೇರುತ್ತದೆ. ಕಾಲು ಹಿಡಿದೆಳೆದಾಗ ನನ್ನ ಮುಖ ನೋಡಿ ನಕ್ಕ, ಕಣ್ಣಲ್ಲಿ ನನ್ನ ಗುರುತೇ ಇರಲಿಲ್ಲ. ಅಷ್ಟು ಹೆದರಿದ್ದು ನನ್ನ ಜನ್ಮದಲ್ಲಿಲ್ಲ. ಬೇಗ ಮೇಲೆಳೆದರೆ ರಕ್ತದಲ್ಲಿ ಗಾಳಿ ಗುಳ್ಳೆಗಟ್ಟಿ ಅದೂ ಸಾವೇ, ಆದ್ದರಿಂದ ನಿಂತು ನಿಂತು ತಂದೆ. ನಿಂತಲ್ಲೆಲ್ಲ ದೇವಿ ಉಚ್ಚಂಗೆಮ್ಮನನ್ನು ಮನಸ್ಸಿನಲ್ಲೇ ಕರೆದೆ. ದೋಣಿಗೆ ಹತ್ತಿಸಿದ ಮೇಲೆ ಅವನ ಕೆನ್ನೆಗೆ ಬಾರಿಸಿ, ಅವನನ್ನೇ ತಬ್ಬಿಕೊಂಡು ಅತ್ತೆ.

ಡಾಕ್ಟರು ನೋಡಿದ್ದಾರೆ, ಅಪಾಯವಿಲ್ಲ. ಕೆಳಗೆ ನಡೆದದ್ದು ಅವನಿಗೆ ನೆನಪಿಲ್ಲ. ಆ ಅಮಲು ಇಳಿದಾಗಿನಿಂದ ಒಂದೇ ಪ್ರಶ್ನೆ: "ಅಕ್ಕಾ, ನನ್ನ ಮುಷ್ಟ್ಯಾಗ ಮಣ್ಣಿತ್ತೋ ಇಲ್ಲೋ?" ಇಲ್ಲದಿದ್ದರೆ ಮತ್ತೆ ಇಳಿಯುತ್ತಾನಂತೆ, ನಾನು ಬರದಿದ್ದರೆ ಒಬ್ಬನೇ ಇಳಿಯುತ್ತಾನಂತೆ. ಇತ್ತಪ್ಪ ಎಂದೆ. ಅವನ ಕೈಗವಸಿನಿಂದ ಉದುರಿಸಿಟ್ಟದ್ದೇ ಈ ಪೊಟ್ಟಣದಲ್ಲಿದೆ. ನಿನ್ನ ಮಗ ತಳ ಮುಟ್ಟಿದ. ಅವನನ್ನು ಹೊಗಳಿ ಒಂದು ಫೋನ್ ಮಾಡು. ನನ್ನ ಮಾತಿನ ಮೇಲೆ ಅವನಿಗೆ ಅನುಮಾನ, ಈ ಪತ್ರವನ್ನೂ ಓದಿಯೇ ಕಳಿಸುತ್ತಾನಂತೆ.

ನಿನ್ನ ಮಗಳು,
ಸೌಭಾಗ್ಯ

ವಿ.ಸೂ.: ಗಂಗಾಧರ ಪತ್ರ ಓದಿ, ಮೀಸೆ ತಿರುವಿಕೊಂಡು ದೋಣಿ ತೊಳೆಯಲು ಹೋದ. ಈ ಚೀಟಿಯನ್ನು ಈಗ ಒಳಗೆ ಸೇರಿಸುತ್ತಿದ್ದೇನೆ, ಓದಿ ಒಲೆಗೆ ಹಾಕು. ಪೊಟ್ಟಣದಲ್ಲಿರುವುದು ಹೊಂಡದ ಮರಳು, ಇವತ್ತು ನಾನೇ ಬಾಗಿ ತೆಗೆದದ್ದು. ಅವನ ಮುಷ್ಟಿಯಲ್ಲಿ ಏನೂ ಇರಲಿಲ್ಲ. ಆ ಗೋಡೆಯ ತಳ ಮನುಷ್ಯರ ಕೈಗೆ ಸಿಗುವಂಥದಲ್ಲ ಅವ್ವ, ಹುಡುಕುತ್ತ ಹೋದರೆ ಅವನು ತಿರುಗಿ ಬರುವುದಿಲ್ಲ. ನನ್ನ ಸುಳ್ಳನ್ನು ಅರ್ಧವೇ ನಂಬಿದ್ದಾನೆ. ಬಾವಿಯ ದಡದಲ್ಲಿ ನಿಂತು ಹೇಳುತ್ತಿದ್ದೆಯಲ್ಲ, ಅದೇ ದನಿಯಲ್ಲಿ ಒಂದು ಸಲ ಹೇಳಿಬಿಡು: "ಮಣ್ಣು ಕಂಡೆ, ಸಾಕು, ಮ್ಯಾಲ ಬಾರಲೇ."